ಇಲ್ಲದ ಯಂತ್ರದ ಭಾಷೆ

ಪುಣೆ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರಿಗೆ ಒಂದು ಯಂತ್ರದ ಪರಿಚಯ ಇದ್ದೇ ಇರುತ್ತದೆ. ಅದಕ್ಕೆ ನಾಲ್ಕು ರಿಜಿಸ್ಟರ್‌ಗಳು: ಎರೆಗ್, ಬಿರೆಗ್, ಸಿರೆಗ್, ಡಿರೆಗ್. ಕೂಡು ಎನ್ನುವ ಆದೇಶದ ಸಂಖ್ಯೆ 01, ಕಳೆ ಎನ್ನುವುದಕ್ಕೆ 02, ಮೆಮರಿಯಿಂದ ರಿಜಿಸ್ಟರಿಗೆ ತಂದುಕೊಳ್ಳುವ 'ಮೂವರ್'ಗೆ 04, ನಿಲ್ಲು ಎನ್ನುವುದಕ್ಕೆ 00. ಈ ಯಂತ್ರಕ್ಕೊಂದು ಅಸೆಂಬ್ಲರ್ ಬರೆದು, ಅದರ ನಡುವಣ ಸಂಕೇತವನ್ನು ಅಚ್ಚು ಹಾಕಿಸಿ, ಜರ್ನಲ್‌ಗೆ ಅಂಟಿಸಿ (ನಮ್ಮ ಕಡೆಯ ಲ್ಯಾಬ್ ರೆಕಾರ್ಡಿಗೆ ಅಲ್ಲಿ ಜರ್ನಲ್ ಎನ್ನುತ್ತಾರೆ) ಮೇಷ್ಟ್ರ ಸಹಿ ಪಡೆಯುವುದು ಅಲ್ಲಿನ ಪ್ರಾಕ್ಟಿಕಲ್‌ಗಳಲ್ಲೊಂದು. ಸಾವಿರಾರು ಮಂದಿ ಹೀಗೆ ಆ ಯಂತ್ರಕ್ಕೆ ಪ್ರೋಗ್ರಾಮ್ ಬರೆದಿದ್ದಾರೆ. ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಏಕೆಂದರೆ ಅದು ಎಲ್ಲೂ ಇಲ್ಲ. ಮುಂಬೈ ಐಐಟಿಯ ಪ್ರಾಧ್ಯಾಪಕ ಡಿ. ಎಂ. ಧಾಮಧೇರೆ ತಮ್ಮ ಪಠ್ಯಪುಸ್ತಕಕ್ಕಾಗಿ ಕಲ್ಪಿಸಿಕೊಂಡ ಯಂತ್ರ ಅದು. ಕರ್ನಾಟಕದಲ್ಲಿ ವಿಟಿಯು ಪಠ್ಯಕ್ರಮದಲ್ಲಿ ಓದಿದವರಿಗೆ ಲೀಲ್ಯಾಂಡ್ ಬೆಕ್ ಅವರ 'ಸಿಕ್' ಎಂಬ ಯಂತ್ರ ನೆನಪಿರಬಹುದು. ಅದೂ ಇಲ್ಲದ ಯಂತ್ರವೇ.

ಹುಡುಗರಿಗೆ ಇದು ಕೈಲಾಗದ ಪಾಠದಂತೆ ಕಾಣುವುದುಂಟು. ನಿಜವಾದ ಇಂಟೆಲ್ ಯಂತ್ರ ಮುಂದೆಯೇ ಕೂತಿರುವಾಗ ಕಲ್ಪನೆಯ ಯಂತ್ರಕ್ಕೆ ಬರೆಯುವುದೇಕೆ? ಆದರೆ ಕಳೆದ 50 ವರ್ಷಗಳ ಸಾಫ್ಟ್‌ವೇರ್ ಚರಿತ್ರೆಯಲ್ಲಿ ಇಲ್ಲದ ಯಂತ್ರಗಳು ಇದ್ದ ಯಂತ್ರಗಳಿಗಿಂತ ಹೆಚ್ಚು ಕಾಲ ಬದುಕಿವೆ. ಇಂದು ಪ್ರತಿ ಬ್ರೌಸರಿನ ಒಳಗೂ ಅಂಥದೊಂದು ಕುಳಿತಿದೆ. ಅದರ ಹೆಸರು ವೆಬ್‌ಅಸೆಂಬ್ಲಿ. ಅದರ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ದಾರಿ ಒಂದು ಕಡೆ ಪುಣೆಯ ಮಂಗಳದಾಸ್ ರಸ್ತೆಯನ್ನೂ ಹಾಯುತ್ತದೆ.

*

ಸಮಸ್ಯೆ ಹಳೆಯದು, ಸರಳವಾದ ಗುಣಾಕಾರದ್ದು. ಐದು ಪ್ರೋಗ್ರಾಮಿಂಗ್ ಭಾಷೆಗಳಿವೆ, ಆರು ಬಗೆಯ ಯಂತ್ರಗಳಿವೆ ಎಂದುಕೊಳ್ಳೋಣ. ಪ್ರತಿ ಭಾಷೆಯೂ ಪ್ರತಿ ಯಂತ್ರದ ಮೇಲೆ ಓಡಬೇಕೆಂದರೆ 30 ಕಂಪೈಲರ್ ಬರೆಯಬೇಕು. ನಡುವೆ ಒಂದು ಪೊದು ಭಾಷೆ ಇದ್ದರೆ? ಐದು ಭಾಷೆಗಳಿಂದ ಅದಕ್ಕೆ ಐದು, ಅದರಿಂದ ಆರು ಯಂತ್ರಗಳಿಗೆ ಆರು, 11ಕ್ಕೆ ಮುಗಿಯಿತು. ಗುಣಿಸಬೇಕಾದಲ್ಲಿ ಕೂಡಿದರೆ ಸಾಕು. 1958ರಲ್ಲೇ ಅಮೆರಿಕದ ಕಂಪ್ಯೂಟರ್ ಬಳಕೆದಾರರ ಸಮಿತಿಯೊಂದು ಇಂಥ ನಡುಭಾಷೆಗೆ 'ಅಂಕಲ್' ಎಂದು ಹೆಸರಿಟ್ಟು ಯೋಜನೆ ಮುಂದಿಟ್ಟಿತು. ಅದು ಕಾಗದದಲ್ಲೇ ಉಳಿಯಿತು. ಎಲ್ಲ ಭಾಷೆಗಳ ಎಲ್ಲ ಬೇಡಿಕೆಗಳನ್ನೂ ಒಂದೇ ನಡುಭಾಷೆಯ ಹೆಗಲಿಗೆ ಹೊರಿಸಲು ಹೊರಟದ್ದು ಅದರ ತೊಡಕು. ಈ ತೊಡಕು ಮತ್ತೆ ಬರುತ್ತದೆ.

ಕೆಲಸ ಮಾಡಿ ತೋರಿಸಿದವರು ಅಷ್ಟು ದೊಡ್ಡ ಆಸೆ ಇಟ್ಟುಕೊಂಡಿರಲಿಲ್ಲ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಭಾಷೆಯನ್ನು ಹೊರತಂದಿದ್ದರು. ಅವರ ಕಂಪೈಲರ್ ಓಡುತ್ತಿದ್ದದ್ದು ಸಿಡಿಸಿ 6000 ಸರಣಿಯ ಯಂತ್ರದ ಮೇಲೆ. ಅದರ ಒಂದೊಂದು ಪದಕ್ಕೆ 60 ಬಿಟ್. ಅಂಥ ಯಂತ್ರ ಇದ್ದ ವಿಶ್ವವಿದ್ಯಾಲಯಗಳು ಬೆರಳೆಣಿಕೆಯಷ್ಟು. ನಮಗೂ ಪ್ಯಾಸ್ಕಲ್ ಬೇಕು, ನಮ್ಮಲ್ಲಿರುವ ಯಂತ್ರ ಬೇರೆ ಎನ್ನುವ ಪತ್ರಗಳು ಬರತೊಡಗಿದವು. ಎಲ್ಲರಿಗೂ ಕಂಪೈಲರ್ ಬರೆದುಕೊಡುವುದು ಆಗದ ಮಾತು. ವಿರ್ತ್ ಗುಂಪು ಒಂದು ಕಿಟ್ ಸಿದ್ಧಪಡಿಸಿತು.

ಆ ಕಿಟ್‌ನ ಜಾಣ್ಮೆಯನ್ನು ಸ್ವಲ್ಪ ನಿಂತು ನೋಡಬೇಕು. ಅದರಲ್ಲಿ ಪ್ಯಾಸ್ಕಲ್‌ನಲ್ಲೇ ಬರೆದ ಪ್ಯಾಸ್ಕಲ್ ಕಂಪೈಲರ್ ಇತ್ತು. ಇದು ಯಾವ ನಿಜ ಯಂತ್ರಕ್ಕೂ ಅಲ್ಲ, ಕಲ್ಪನೆಯ ಒಂದು ಚಿಕ್ಕ ಯಂತ್ರಕ್ಕೆ ಆದೇಶಗಳನ್ನು ಹೊರಡಿಸುತ್ತಿತ್ತು. ಆ ಆದೇಶಗಳೇ ಪಿ-ಕೋಡ್. ಜೊತೆಗೆ ಅದೇ ಕಂಪೈಲರ್ ಆಗಲೇ ಪಿ-ಕೋಡ್‌ಗೆ ಅನುವಾದಗೊಂಡ ರೂಪದಲ್ಲಿತ್ತು. ಮೂರನೆಯದಾಗಿ ಆ ಕಲ್ಪನೆಯ ಯಂತ್ರ ಹೇಗೆ ನಡೆದುಕೊಳ್ಳಬೇಕು ಎನ್ನುವ ವಿವರಣೆ. ಕಿಟ್ ತರಿಸಿಕೊಂಡವರು ಮಾಡಬೇಕಾದದ್ದು ಒಂದೇ: ತಮ್ಮಲ್ಲಿರುವ ಯಂತ್ರದ ಮೇಲೆ ಆ ಚಿಕ್ಕ ಯಂತ್ರದಂತೆ ನಟಿಸುವ ಒಂದು ಪ್ರೋಗ್ರಾಮ್ ಬರೆಯುವುದು. ಇಡೀ ಕಂಪೈಲರ್ ಬರೆಯುವುದರ ಮುಂದೆ ಅದು ಸಣ್ಣ ಕೆಲಸ. ನಟನೆ ಶುರುವಾದ ಗಳಿಗೆಯಲ್ಲಿ ಪಿ-ಕೋಡ್ ರೂಪದ ಕಂಪೈಲರ್ ಜೀವ ತಳೆದು ಕೂರುತ್ತದೆ. ಆಮೇಲೆ ಅದರ ಮೂಲವನ್ನು ತಿದ್ದಿ, ತಮ್ಮ ಯಂತ್ರದ ಸ್ವಂತ ಆದೇಶಗಳನ್ನೇ ಹೊರಡಿಸುವಂತೆ ಮಾಡಿ, ಅದನ್ನು ಅದರಿಂದಲೇ ಮತ್ತೆ ಕಂಪೈಲ್ ಮಾಡಿಸಿದರೆ ನಟನೆಯ ಅಗತ್ಯವೂ ತಪ್ಪುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಪಕ್ಕದ ಮನೆಯವರಿಗೆ ಮೊಸರು ಬೇಕಾದರೆ ಗಡಿಗೆ ಹೊತ್ತುಕೊಂಡು ಹೋಗಬೇಕಿಲ್ಲ, ಒಂದು ಚಮಚ ಹೆಪ್ಪು ಕೊಟ್ಟರೆ ಸಾಕು.

ಈ ಕಿಟ್‌ನ ಒಳಗುಟ್ಟನ್ನೆಲ್ಲ ವಿವರಿಸುವ ವರದಿಯನ್ನು ಇಟಿಎಚ್ 1974ರಲ್ಲಿ ಪ್ರಕಟಿಸಿತು. ಅದರ ಮೇಲೆ ನೋರಿ, ಅಮ್ಮನ್, ಯೆನ್ಸೆನ್, ನೇಗೆಲಿ ಅವರ ಹೆಸರುಗಳಿವೆ. ಮೊದಲ ಹೆಸರು ಭಾರತದಿಂದ ಹೋಗಿದ್ದ ಕೇಶವ ವಿ. ನೋರಿ ಅವರದು.

*

ನೋರಿ ಭಾರತಕ್ಕೆ ಮರಳಿದರು. ಕಾನ್ಪುರದ ಐಐಟಿಯಲ್ಲಿ ಪಾಠ ಹೇಳಿದರು. ಆಮೇಲೆ ಪುಣೆಗೆ, ಟಾಟಾ ರಿಸರ್ಚ್ ಡೆವಲಪ್‌ಮೆಂಟ್ ಅಂಡ್ ಡಿಸೈನ್ ಸೆಂಟರಿಗೆ ಬಂದರು. ಉದ್ದ ಹೆಸರಿನ ಈ ಕೇಂದ್ರವನ್ನು ಎಲ್ಲರೂ ಕರೆಯುವುದು ಟಿಆರ್‌ಡಿಡಿಸಿ ಎಂದು. ಟಿಸಿಎಸ್‌ನ ಎಫ್. ಸಿ. ಕೊಹ್ಲಿ ಅವರ ಒತ್ತಾಸೆಯಿಂದ 1981ರಲ್ಲಿ ಶುರುವಾದ ಸಂಸ್ಥೆ; ಮೊದಲ ನಿರ್ದೇಶಕರು ಕಾನ್ಪುರದಿಂದಲೇ ಬಂದ ಲೋಹ-ಪಿಂಗಾಣಿ ವಿಜ್ಞಾನಿ ಇ. ಸಿ. ಸುಬ್ಬರಾವ್. ಆರಂಭದ ವರ್ಷಗಳಲ್ಲಿ ಅದರ ವಿಳಾಸ 1, ಮಂಗಳದಾಸ್ ರಸ್ತೆ. ಹಡಪ್ಸರದ ಕೈಗಾರಿಕಾ ವಸಾಹತಿಗೆ ಹೋದದ್ದು ಅನಂತರ.

ಕಂಪನಿಯೊಂದಕ್ಕೆ ಕಂಪೈಲರ್ ಸಂಶೋಧನೆ ಏಕೆ ಬೇಕಾಗಿತ್ತು? ಟಿಸಿಎಸ್ ತನ್ನ ಮೊದಲ ವಿದೇಶಿ ಹಣ ಕಂಡದ್ದು ಹೊಸ ಪ್ರೋಗ್ರಾಮ್ ಬರೆದಲ್ಲ. 1970ರ ದಶಕದಲ್ಲಿ ಅಮೆರಿಕದ ಬರೋಸ್ ಕಂಪನಿಯೊಂದಿಗೆ ಕೈಜೋಡಿಸಿ, ಒಂದು ಯಂತ್ರಕ್ಕೆಂದು ಬರೆದ ಪ್ರೋಗ್ರಾಮುಗಳನ್ನು ಇನ್ನೊಂದು ಯಂತ್ರಕ್ಕೆ ಒಗ್ಗಿಸಿಕೊಡುವ ಕೆಲಸದಿಂದ. ಅದೂ ಯಂತ್ರಗಳು ವಿರಳವಾಗಿದ್ದ ದೇಶದಲ್ಲಿ ಕೂತು. ಒಂದು ಕಂಪ್ಯೂಟರ್ ತರಿಸಲು ಪರವಾನಗಿ, ವಿದೇಶಿ ವಿನಿಮಯ, ಸುಂಕ ಎಂದು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. 1978ರಲ್ಲಿ ಐಬಿಎಂ ದೇಶ ಬಿಟ್ಟು ಹೋಗಿತ್ತು. ಇರುವ ಯಂತ್ರಗಳು ಒಂದಕ್ಕೊಂದು ಸಂಬಂಧವಿಲ್ಲದವು. ಯಂತ್ರ ಯಾವುದಾದರೂ ಇರಲಿ, ಪ್ರೋಗ್ರಾಮ್ ಓಡಲಿ ಎಂಬುದು ಸಿರಿವಂತ ದೇಶಗಳಲ್ಲಿ ಅನುಕೂಲದ ಮಾತು, ಇಲ್ಲಿ ಅದು ಹೊಟ್ಟೆಪಾಡು.

1987ರ ಡಿಸೆಂಬರಿನಲ್ಲಿ, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೆ ಮೀಸಲಾದ ಭಾರತದ ವಾರ್ಷಿಕ ಸಮ್ಮೇಳನ ಪುಣೆಯಲ್ಲಿ ನಡೆಯಿತು. ಮರುವರ್ಷವೂ ಅಲ್ಲೇ. ಜರ್ಮನಿಯ ಸ್ಪ್ರಿಂಗರ್ ಪ್ರಕಟಿಸಿದ ಆ ಸಾಲಿನ ಸಂಪುಟದ ಸಂಪಾದಕರು ನೋರಿ. ಅದರಲ್ಲಿ ಅವರೇ ಇಬ್ಬರು ಸಹೋದ್ಯೋಗಿಗಳ ಜೊತೆ ಬರೆದ ಒಂದು ಲೇಖನವೂ ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಂದು ದೊಡ್ಡ ಯೋಜನೆಯ ಹಿನ್ನೋಟ ಅದು. ಯಂತ್ರವೊಂದರ ವಿವರಣೆ ಕೊಟ್ಟರೆ ಸಾಕು, ಅದಕ್ಕೆ ತಕ್ಕ ಕಂಪೈಲರಿನ ಹಿಂಭಾಗವನ್ನು ಇನ್ನೊಂದು ಪ್ರೋಗ್ರಾಮೇ ಹೆಣೆಯಬೇಕು ಎಂಬುದು ಆ ಯೋಜನೆಯ ಗುರಿಯಾಗಿತ್ತು. ಜ್ಯೂರಿಕ್‌ನ ಕಿಟ್ ಇಲ್ಲದ ಯಂತ್ರವನ್ನು ನಡುವೆ ನಿಲ್ಲಿಸಿತ್ತು. ಇದು ಯಂತ್ರವನ್ನೇ ಒಂದು ಕಾಗದದ ವಿವರಣೆಯಾಗಿಸಲು ಹೊರಟಿತ್ತು. ಟಿಆರ್‌ಡಿಡಿಸಿಯ ಮುಂದಿನ ಹೆಸರುವಾಸಿ ಉತ್ಪನ್ನ ಮಾಸ್ಟರ್‌ಕ್ರಾಫ್ಟ್ ಇದೇ ಜಾಡಿನದು. ವ್ಯವಹಾರದ ನಕ್ಷೆಯೊಂದನ್ನು ಕೊಟ್ಟರೆ ಬೇರೆ ಬೇರೆ ವೇದಿಕೆಗಳಿಗೆ ಬೇಕಾದ ಕೋಡನ್ನು ಅದು ತಾನೇ ಹೊರಡಿಸುತ್ತಿತ್ತು.

ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ, 1988ರಲ್ಲಿ ಸಿ-ಡ್ಯಾಕ್ ಶುರುವಾಯಿತು. ವಿಜಯ್ ಭಾಟ್ಕರ್ ನೇತೃತ್ವದಲ್ಲಿ 1991ರಲ್ಲಿ ಹೊರಬಂದ ಪರಮ್ 8000 ಸೂಪರ್ ಕಂಪ್ಯೂಟರಿನಿಂದಾಗಿ ಸಿ-ಡ್ಯಾಕ್ ಹೆಸರು ಮನೆಮಾತಾಯಿತು. (ಅದರೊಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್‌ನ ಒಂದೊಂದು ಆದೇಶವೂ ಒಂದೇ ಬೈಟಿನದು, ಲೆಕ್ಕವೆಲ್ಲ ಮೂರು ಅಂತಸ್ತಿನ ಚಿಕ್ಕ ಪೇರಿಕೆಯ ಮೇಲೆ. ಪಿ-ಕೋಡ್ ಓದಿದವರಿಗೆ ಅದು ದೂರದ ನೆಂಟನ ಮುಖದಂತೆ ಕಂಡಿರಬೇಕು.) ಆದರೆ ನಮಗೆ ಇಲ್ಲಿ ಬೇಕಾದದ್ದು ಸಿ-ಡ್ಯಾಕ್‌ನ ಇನ್ನೊಂದು ಗುಂಪು, ಜಿಸ್ಟ್.

ಜಿಸ್ಟ್ ಕೂಡ ಕಾನ್ಪುರದ ಐಐಟಿಯಲ್ಲಿ ಬೀಜ ಒಡೆದು ಪುಣೆಗೆ ಬಂದ ಗಿಡ. ಮೋಹನ್ ತಾಂಬೆ ಮುಂತಾದವರ ಈ ಗುಂಪಿನ ಮುಂದಿದ್ದ ಲೆಕ್ಕವೂ ಅದೇ ಗುಣಾಕಾರ. ಹತ್ತು ಲಿಪಿಗಳು, ಹತ್ತಾರು ಉಪಕರಣಗಳು. ಪ್ರತಿ ಲಿಪಿಗೆ ಪ್ರತಿ ಉಪಕರಣದಲ್ಲಿ ಬೇರೆ ಬೇರೆ ಏರ್ಪಾಡು ಮಾಡುತ್ತ ಕೂತರೆ ಮುಗಿಯದ ಕೆಲಸ. ಅವರು ಬ್ರಾಹ್ಮಿಯ ಮಕ್ಕಳೆಲ್ಲ ಒಂದೇ ವರ್ಣಮಾಲೆಯವರು ಎಂಬ ಸಂಗತಿಯನ್ನು ಹಿಡಿದು, ಯಾವ ಲಿಪಿಯದೂ ಅಲ್ಲದ, ಎಲ್ಲ ಲಿಪಿಗಳಿಗೂ ಸಲ್ಲುವ ಒಂದು ನಡುಸಂಕೇತ ಕಟ್ಟಿದರು. ಅದೇ ಇಸ್ಕಿ, 1991ರಲ್ಲಿ ಭಾರತೀಯ ಮಾನಕ 13194 ಆಗಿ ಅಧಿಕೃತವಾಯಿತು. ಅದರಲ್ಲಿ 179 ಎಂದರೆ 'ಕ'. ಹಿಂದಿಯ ಕ, ಬಂಗಾಳಿಯ ಕ, ಕನ್ನಡದ ಕ ಎಲ್ಲಕ್ಕೂ ಅದೇ. 232 ಎಂದರೆ ಹಲಂತ, 214 ಎಂದರೆ 'ಷ'. ಹಾಗಾಗಿ 179, 232, 214 ಎಂಬ ಮೂರು ಬೈಟುಗಳು 'ಕ್ಷ'. ಯಾವ ಲಿಪಿಯಲ್ಲಿ ತೋರಿಸಬೇಕು ಎಂದು ಹೇಳಲು 239 ಎಂಬ ಬೈಟ್ ಬರುತ್ತದೆ, ಅದರ ಹಿಂದೆಯೇ ಲಿಪಿಯ ಗುರುತು. ಆ ಗುರುತೊಂದನ್ನು ಬದಲಿಸಿದರೆ ದೇವನಾಗರಿಯಲ್ಲಿದ್ದ ಸಾಲು ಕನ್ನಡದಲ್ಲಿ ಕಾಣುತ್ತದೆ.

ಅಕ್ಷರಕ್ಕೆ ರೂಪ ಕೊಡುವ ಬುದ್ಧಿ ಎಲ್ಲಿತ್ತು? ಜಿಸ್ಟ್ ಕಾರ್ಡ್ ಎಂಬ ಹಲಗೆಯಲ್ಲಿ. ಅದನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್ ಕಾಲದ ಡಿಬೇಸ್, ವರ್ಡ್‌ಸ್ಟಾರ್‌ಗಳಲ್ಲಿ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಡಿಬೇಸ್‌ಗೆ ಕನ್ನಡದ ಗಂಧಗಾಳಿ ಇರಲಿಲ್ಲ. ಅದರ ಪಾಲಿಗೆ ಅವು ಬರಿಯ ಬೈಟುಗಳು. ಒತ್ತಕ್ಷರ ಯಾವುದರ ಕೆಳಗೆ ಕೂರಬೇಕು, ಅರ್ಕಾವತ್ತು ಎಲ್ಲಿಗೆ ಜಿಗಿಯಬೇಕು ಎಂಬುದೆಲ್ಲ ಕಾರ್ಡಿನ ಜವಾಬ್ದಾರಿ. ಕಾರ್ಡ್ ಇಲ್ಲದವರಿಗೆ ಅದೇ ಕಡತ ಅರ್ಥವಿಲ್ಲದ ಗೀಚು. ನಡುಸಂಕೇತದ ಕಥೆಗಳೆಲ್ಲ ಕೊನೆಗೆ ಈ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಆಚೆ ತುದಿಯಲ್ಲಿ ಅದನ್ನು ಓದಿ ನಡೆಸುವವರು ಯಾರ ಮನೆಯವರು?

ಇಸ್ಕಿಯ ವಿನ್ಯಾಸ ಮಾತ್ರ ಸಾಯಲಿಲ್ಲ. 1991ರಲ್ಲಿ ಬಂದ ಯೂನಿಕೋಡ್ ಅದರ 1988ರ ಆವೃತ್ತಿಯ ಕ್ರಮವನ್ನೇ ಎತ್ತಿಕೊಂಡು, ಲಿಪಿಗೊಂದರಂತೆ 128 ಮನೆಗಳ ಸಾಲು ಹಂಚಿತು. ದೇವನಾಗರಿಯ 'ಕ' 2325ನೇ ಮನೆ, ಕನ್ನಡದ 'ಕ' 3221ನೇ ಮನೆ. ಕಳೆದರೆ 896, ಸರಿಯಾಗಿ ಏಳು ಸಾಲುಗಳ ಅಂತರ.

*

ಪಿ-ಕೋಡ್‌ನ ಹೆಪ್ಪು ಅಷ್ಟರಲ್ಲಿ ಬೇರೆ ಊರುಗಳಲ್ಲಿ ಮೊಸರಾಗಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಕೆನೆತ್ ಬೌಲ್ಸ್ ಜ್ಯೂರಿಕ್ ಕಿಟ್ಟನ್ನು ತಂದು, ಚಿಕ್ಕ ಯಂತ್ರಗಳಿಗೆ ಹೊಂದಿಸಿ, ವಿದ್ಯಾರ್ಥಿಗಳಿಗಾಗಿ ಒಂದು ಪೂರ್ಣ ವ್ಯವಸ್ಥೆ ಕಟ್ಟಿದರು. ಆಪಲ್ 2ರ ಮೇಲೆ ಅದು 1979ರಲ್ಲಿ ಬಂತು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಕೊಳ್ಳುವವರ ಮುಂದಿಟ್ಟ ಮೂರು ಆಪರೇಟಿಂಗ್ ಸಿಸ್ಟಂಗಳಲ್ಲಿ ಅದೂ ಒಂದು. ಗೆದ್ದದ್ದು ಡಾಸ್, ಅದು ಬೇರೆ ಮಾತು. ತಮಾಷೆಯೆಂದರೆ 1979ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ಪಿ-ಕೋಡನ್ನು ನೇರವಾಗಿ ನಡೆಸುವ ನಿಜವಾದ ಯಂತ್ರವನ್ನೇ ಮಾಡಿ ಮಾರಿತು. ಇಲ್ಲದ ಯಂತ್ರಕ್ಕೆ ಮೈ ಬಂತು, ಬಹಳ ದಿನ ಬಾಳಲಿಲ್ಲ.

ಕಾರ್ನೆಗಿ ಮೆಲನ್‌ನಲ್ಲಿ ರಾಜ್ ರೆಡ್ಡಿ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಜೇಮ್ಸ್ ಗಾಸ್ಲಿಂಗ್‌ಗೆ ಒಂದು ಕೆಲಸ ಬಿತ್ತು. ಪರ್ಕ್ ಎಂಬ ಯಂತ್ರಗಳ ಮೇಲಿದ್ದ ಪ್ರೋಗ್ರಾಮುಗಳನ್ನು ವ್ಯಾಕ್ಸ್ ಯಂತ್ರಕ್ಕೆ ಸಾಗಿಸಬೇಕು. ಪರ್ಕ್ ನಡೆಯುತ್ತಿದ್ದದ್ದು ಪಿ-ಕೋಡ್‌ನ ಒಂದು ರೂಪಾಂತರದ ಮೇಲೆ. ಮೂಲ ಪ್ರೋಗ್ರಾಮನ್ನು ಮತ್ತೆ ಬರೆಯುವ ಬದಲು ಗಾಸ್ಲಿಂಗ್ ಆ ನಡುಸಂಕೇತವನ್ನೇ ವ್ಯಾಕ್ಸ್‌ನ ಆದೇಶಗಳಿಗೆ ಅನುವಾದಿಸುವ ಸಾಧನ ಬರೆದರು. ಎಣಿಸಿದ್ದಕ್ಕಿಂತ ಚೆನ್ನಾಗಿ ಓಡಿತು. ಸುಮಾರು ಹತ್ತು ವರ್ಷಗಳ ನಂತರ ಸನ್ ಕಂಪನಿಯಲ್ಲಿ ಟಿವಿ, ರಿಮೋಟುಗಳಂಥ ಉಪಕರಣಗಳಿಗೆ ಭಾಷೆ ಕಟ್ಟುವಾಗ ಈ ಅನುಭವ ನೆನಪಿಗೆ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಭಾಷೆ 1995ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಹೊರಬಂತು. ಬೈಟ್‌ಕೋಡ್ ಎಂಬ ಮಾತು ಎಂಜಿನಿಯರಿಂಗ್ ಹುಡುಗರ ನಾಲಗೆಗೆ ಬಂದದ್ದು ಅದರಿಂದಲೇ.

ಜಾವಾ ಆಪ್ಲೆಟ್ಟುಗಳು ಬ್ರೌಸರಿನೊಳಗೆ ಓಡಿದ ಮೊದಲ ಬೈಟ್‌ಕೋಡ್. ಅವು ಏಕೆ ಉಳಿಯಲಿಲ್ಲ ಎನ್ನುವುದಕ್ಕೆ ನಿಧಾನ, ಭದ್ರತೆಯ ತೂತುಗಳು ಎಂದು ಕಾರಣ ಕೊಡುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಆ ಯಂತ್ರ ಒಂದು ಕಂಪನಿಯ ಆಸ್ತಿಯಾಗಿತ್ತು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಮೈಕ್ರೋಸಾಫ್ಟ್ ಅದನ್ನು ತನಗೆ ಬೇಕಾದ ಹಾಗೆ ತಿದ್ದಿತೆಂದು ಸನ್ 1997ರಲ್ಲಿ ಕೋರ್ಟಿಗೆ ಹೋಯಿತು; 2001ರಲ್ಲಿ 2 ಕೋಟಿ ಡಾಲರಿಗೆ ರಾಜಿಯಾಯಿತು. ಫ್ಲ್ಯಾಶ್‌ಗೂ ತನ್ನದೇ ಬೈಟ್‌ಕೋಡ್ ಇತ್ತು, ಅದೂ ಒಬ್ಬರ ಸ್ವತ್ತು, 2020ರ ಡಿಸೆಂಬರ್ 31ಕ್ಕೆ ಅದರ ಬಾಗಿಲು ಹಾಕಿತು. ಗೂಗಲ್ ತನ್ನ ಕ್ರೋಮಿಗಾಗಿ ನೇಟಿವ್ ಕ್ಲೈಂಟ್ ಎಂಬುದನ್ನು ಮಾಡಿತು, 2013ರಲ್ಲಿ ಅದಕ್ಕೆ ಯಂತ್ರಭೇದವಿಲ್ಲದ ರೂಪವನ್ನೂ ಕೊಟ್ಟಿತು. ತಾಂತ್ರಿಕವಾಗಿ ಅದು ಗಟ್ಟಿ ಕೆಲಸ. ಆದರೆ ಮೊಜಿಲ್ಲಾ ಒಪ್ಪಲಿಲ್ಲ, ಉಳಿದವರೂ ಒಪ್ಪಲಿಲ್ಲ.

ದಾರಿ ತೆರೆದದ್ದು ಒಂದು ಹುಚ್ಚುಸಾಹಸದಂಥ ಯೋಜನೆ. ಮೊಜಿಲ್ಲಾದ ಅಲಾನ್ ಝಕಾಯ್ 2010ರ ಸುಮಾರಿಗೆ ಎಮ್‌ಸ್ಕ್ರಿಪ್ಟನ್ ಎಂಬ ಕಂಪೈಲರ್ ಬರೆಯತೊಡಗಿದರು. ಸಿ ಮತ್ತು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮುಗಳನ್ನು ಅದು ಜಾವಾಸ್ಕ್ರಿಪ್ಟಿಗೆ ಅನುವಾದಿಸುತ್ತಿತ್ತು. ಮೂಲ ಭಾಷೆಯಿಂದ ನೇರವಾಗಿ ಅಲ್ಲ. ಇಲಿನಾಯ್‌ನಲ್ಲಿ ಕ್ರಿಸ್ ಲಾಟ್ನರ್ ಮತ್ತು ಅವರ ಗುರು, ಮುಂಬೈ ಐಐಟಿಯಲ್ಲಿ ಕಲಿತ ವಿಕ್ರಮ್ ಅಡ್ವೆ 2000ದಲ್ಲಿ ಶುರುಮಾಡಿದ ಎಲ್‌ಎಲ್‌ವಿಎಂ ಎಂಬ ನಡುಸಂಕೇತದಿಂದ. ಜಾವಾಸ್ಕ್ರಿಪ್ಟಿನಲ್ಲಿ ಎಲ್ಲ ಸಂಖ್ಯೆಗಳೂ ದಶಾಂಶದವು, ಪೂರ್ಣಾಂಕವೆಂಬ ಬೇರೆ ಜಾತಿಯೇ ಆಗ ಇರಲಿಲ್ಲ. ಆದರೆ ಯಾವುದೇ ಸಂಖ್ಯೆಯ ಮುಂದೆ ಒಂದು ನೆಟ್ಟನೆಯ ಗೆರೆ, ಆಮೇಲೆ ಸೊನ್ನೆ ಹಾಕಿದರೆ ಅದು 32 ಬಿಟ್ಟಿನ ಪೂರ್ಣಾಂಕವಾಗಿ ಹೊರಬರುತ್ತದೆ. ಈ ಒಂದು ಚಿಕ್ಕ ಗಿಲೀಟನ್ನು ಸಾಲು ಸಾಲಿಗೂ ಬಳಸಿ ಬರೆದ ಜಾವಾಸ್ಕ್ರಿಪ್ಟನ್ನು ಬ್ರೌಸರ್ ಗುರುತಿಸಿ, ಊಹೆಯ ಗೊಡವೆಯಿಲ್ಲದೆ ನೇರ ಯಂತ್ರದ ಆದೇಶವಾಗಿಸಬಹುದು. 2013ರಲ್ಲಿ ಇದಕ್ಕೆ ಎಎಸ್‌ಎಂ ಜೆಎಸ್ ಎಂದು ಹೆಸರಾಯಿತು. ಅದೇ ವರ್ಷ ಅನ್‌ರಿಯಲ್ ಎಂಬ ಭಾರಿ ಗೇಮ್ ಎಂಜಿನನ್ನು ನಾಲ್ಕು ದಿನಗಳಲ್ಲಿ ಬ್ರೌಸರಿಗೆ ಇಳಿಸಿ ತೋರಿಸಿದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಏಕೆಂದರೆ ಅದು ಬರಿಯ ಜಾವಾಸ್ಕ್ರಿಪ್ಟ್. ಹಳೆಯ ಬ್ರೌಸರಿನಲ್ಲಿ ನಿಧಾನವಾಗಿಯಾದರೂ ಓಡುತ್ತಿತ್ತು.

ಇಷ್ಟಾದ ಮೇಲೆ ಜಗಳಕ್ಕೆ ಕಾರಣ ಉಳಿಯಲಿಲ್ಲ. 2015ರ ಜೂನ್‌ನಲ್ಲಿ ವೆಬ್‌ಅಸೆಂಬ್ಲಿಯ ಘೋಷಣೆಯಾಯಿತು. ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್, ಆಪಲ್ ನಾಲ್ಕೂ ಒಂದೇ ಮೇಜಿಗೆ ಬಂದವು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್, ವರ್ಷ ಮುಗಿಯುವುದರೊಳಗೆ ಸಫಾರಿ ಮತ್ತು ಎಡ್ಜ್. ಗೂಗಲ್ ತನ್ನ ಸ್ವಂತ ಯೋಜನೆಯನ್ನು ಅದೇ ವರ್ಷ ಕೈಬಿಟ್ಟಿತು. 2019ರ ಡಿಸೆಂಬರ್ 5ರಂದು ವೆಬ್‌ಅಸೆಂಬ್ಲಿ ವೆಬ್‌ನ ಅಧಿಕೃತ ಮಾನಕವಾಯಿತು.

ಅದರ ಒಳಗೆ ಇಣುಕಿದರೆ 1974ರ ವರದಿ ಓದಿದವರಿಗೆ ಅಪರಿಚಿತವೆನಿಸುವುದಿಲ್ಲ. ಅದೂ ಪೇರಿಕೆಯ ಯಂತ್ರ. ಎರಡು ಸಂಖ್ಯೆಗಳನ್ನು ಕೂಡಬೇಕೆಂದರೆ ಊಟದ ಮನೆಯಲ್ಲಿ ತಟ್ಟೆ ಪೇರಿಸಿದಂತೆ ಮೊದಲನೆಯದನ್ನು ಇಡಬೇಕು, ಅದರ ಮೇಲೆ ಎರಡನೆಯದನ್ನು ಇಡಬೇಕು, ಕೂಡು ಎನ್ನಬೇಕು. ಮೇಲಿನೆರಡು ತಟ್ಟೆ ಹೋಗಿ ಮೊತ್ತದ ಒಂದು ತಟ್ಟೆ ಉಳಿಯುತ್ತದೆ. ವೆಬ್‌ಅಸೆಂಬ್ಲಿಯ ಬೈಟುಗಳಲ್ಲಿ ಇದು 32, 0, 32, 1, 106. ಮೊದಲ 32 ಎಂದರೆ 'ತಂದಿಡು', 0 ಎಂದರೆ ಮೊದಲ ಸಂಖ್ಯೆ. ಮತ್ತೆ 'ತಂದಿಡು', ಎರಡನೆಯದು. 106 ಎಂದರೆ 'ಕೂಡು'. ಪಿ-ಕೋಡ್‌ನಲ್ಲೂ ಇದೇ ಮೂರು ಹೆಜ್ಜೆ.

ಹೊಸದು ಇರುವುದು ಅಪನಂಬಿಕೆಯ ಕಡೆ. ಜ್ಯೂರಿಕ್‌ನ ಕಿಟ್ ಸ್ನೇಹಿತರಿಂದ ಸ್ನೇಹಿತರಿಗೆ ಹೋಗುತ್ತಿತ್ತು. ಬ್ರೌಸರಿಗೆ ಬರುವ ಬೈಟುಗಳನ್ನು ಯಾರು ಕಳಿಸಿದರೋ ಗೊತ್ತಿಲ್ಲ. ಹಾಗಾಗಿ ಓಡಿಸುವ ಮೊದಲೇ ಅದು ಒಂದೇ ಓದಿನಲ್ಲಿ ಪರೀಕ್ಷಿಸಲ್ಪಡುತ್ತದೆ: ಪ್ರತಿ ಹೆಜ್ಜೆಯಲ್ಲೂ ಪೇರಿಕೆಯ ಮೇಲೆ ಎಷ್ಟು ತಟ್ಟೆ, ಯಾವ ಜಾತಿಯವು ಎಂಬುದು ಮೊದಲೇ ಲೆಕ್ಕಕ್ಕೆ ಸಿಗಬೇಕು. ಎಲ್ಲೆಂದರಲ್ಲಿಗೆ ನೆಗೆಯುವ ಆದೇಶವೇ ಇಲ್ಲ. ಮೆಮರಿ ಒಂದು ಬೇಲಿ ಹಾಕಿದ ಹೊಲ, 64 ಕಿಲೋಬೈಟುಗಳ ಪಟ್ಟಿಗಳಲ್ಲಿ ಸಿಗುತ್ತದೆ, ಬೇಲಿ ದಾಟಿದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ವಿನ್ಯಾಸ ಮಾಡಿದವರು ಈ ಯಂತ್ರದ ನಡವಳಿಕೆಯನ್ನೆಲ್ಲ ಗಣಿತದ ನಿಯಮಗಳಲ್ಲಿ ಬರೆದಿಟ್ಟರು. 2018ರಲ್ಲಿ ಕಾನ್ರಾಡ್ ವಾಟ್ ಅದನ್ನು ಪ್ರಮಾಣ ಪರೀಕ್ಷಿಸುವ ತಂತ್ರಾಂಶದೊಳಗೆ ಹಾಕಿ ನೋಡಿ ಕೆಲವು ತಪ್ಪುಗಳನ್ನೂ ಹಿಡಿದರು, ತಿದ್ದಿದರು. ಬೇಲಿ ಗಟ್ಟಿ ಎಂದಮಾತ್ರಕ್ಕೆ ಒಳಗೆ ಒಳ್ಳೆಯ ಬೆಳೆಯೇ ಬರಬೇಕೆಂದಿಲ್ಲ. 2017ರಲ್ಲೇ ಕಾಯಿನ್‌ಹೈವ್ ಎಂಬ ಸೇವೆ ವೆಬ್‌ಅಸೆಂಬ್ಲಿ ಬಳಸಿ, ಪುಟ ನೋಡಲು ಬಂದವರ ಕಂಪ್ಯೂಟರಿನಲ್ಲಿ ಕ್ರಿಪ್ಟೋ ನಾಣ್ಯ ಗಣಿ ಮಾಡಿಸತೊಡಗಿತು.

ಅಂಕಲ್‌ನ ಹಳೆಯ ತೊಡಕು ಇಲ್ಲೂ ಬಂತು. ಸಿ, ಸಿ ಪ್ಲಸ್ ಪ್ಲಸ್, ರಸ್ಟ್ ಭಾಷೆಗಳು ಸಲೀಸಾಗಿ ಇಳಿದವು. ಆಟೋಕ್ಯಾಡ್‌ನ 30 ವರ್ಷಕ್ಕೂ ಹಳೆಯ ಕೋಡ್ 2018ರಲ್ಲಿ ಬ್ರೌಸರಿಗೆ ಬಂತು. ಆದರೆ ಜಾವಾ, ಕಾಟ್ಲಿನ್, ಡಾರ್ಟ್‌ನಂಥವು ಬಳಸಿ ಬಿಟ್ಟ ಮೆಮರಿಯನ್ನು ಗುಡಿಸುವ ಕೆಲಸವನ್ನು ತಮ್ಮನ್ನು ನಡೆಸುವ ವ್ಯವಸ್ಥೆಗೇ ಬಿಟ್ಟ ಭಾಷೆಗಳು. ವೆಬ್‌ಅಸೆಂಬ್ಲಿಯಲ್ಲಿ ಗುಡಿಸುವವರು ಇರಲಿಲ್ಲ. ಪ್ರತಿ ಭಾಷೆಯೂ ತನ್ನ ಪೊರಕೆಯನ್ನು ತಾನೇ ಹೊತ್ತು ತರಬೇಕಿತ್ತು, ಪುಟ ಅಷ್ಟು ಭಾರವಾಗುತ್ತಿತ್ತು. ಅದಕ್ಕೆ ಬ್ರೌಸರಿನೊಳಗೇ ಏರ್ಪಾಡಾದದ್ದು 2023ರಲ್ಲಿ.

*

ಈ ಎಲ್ಲದರ ನಡುವೆ ಕನ್ನಡದ ಒತ್ತಕ್ಷರ ಎಲ್ಲಿದೆ?

ಜಿಸ್ಟ್ ಕಾರ್ಡಿನ ಬುದ್ಧಿ ಕಾಲಕ್ರಮದಲ್ಲಿ ಆಪರೇಟಿಂಗ್ ಸಿಸ್ಟಂಗೆ, ಅಲ್ಲಿಂದ ಬ್ರೌಸರಿಗೆ ಬಂತು. ಇಂದು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಇರಾನಿನ ಸಾರಿಯಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್‌ಬೋದ್ ಅವರ ಕೂಸು. ಮಾಮೂಲಿ ಪುಟದಲ್ಲಿ ಕನ್ನಡ ಓದುವವರಿಗೆ ಇದರ ಇರವೇ ತಿಳಿಯುವುದಿಲ್ಲ. ಆದರೆ ವೆಬ್‌ಅಸೆಂಬ್ಲಿಯೊಂದಿಗೆ ಬಂದ ಹೊಸ ಬಗೆಯ ಅಪ್ಲಿಕೇಶನ್‌ಗಳು ಬ್ರೌಸರಿಗೆ ಅಕ್ಷರ ಕೊಟ್ಟು 'ಬರಿ' ಎನ್ನುವುದಿಲ್ಲ. ಖಾಲಿ ಹಾಳೆಯೊಂದನ್ನು ಪಡೆದು ಒಂದೊಂದು ಚುಕ್ಕೆಯನ್ನೂ ತಾವೇ ಬಿಡಿಸುತ್ತವೆ. ಗೂಗಲ್‌ನ ಫ್ಲಟರ್‌ನಿಂದ ಕಟ್ಟಿದ ವೆಬ್ ಅಪ್ಲಿಕೇಶನ್‌ಗಳು ಹೀಗೆ. ಬ್ರೌಸರಿನೊಳಗೆ ಹಾರ್ಫ್‌ಬಜ್ ಇದ್ದರೂ ಅದನ್ನು ಮುಟ್ಟುವ ದಾರಿ ಇವಕ್ಕಿಲ್ಲ. ಆದ್ದರಿಂದ ಇನ್ನೊಂದು ಹಾರ್ಫ್‌ಬಜ್ಜನ್ನು ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿ ಪುಟದ ಜೊತೆಗೆ ಹೊತ್ತು ತರುತ್ತವೆ. ನಿಮ್ಮ ಫೋನಿನಲ್ಲಿರುವ ಕನ್ನಡ ಫಾಂಟೂ ಇವಕ್ಕೆ ಕಾಣದು; ಅಪ್ಲಿಕೇಶನ್ ಕಟ್ಟಿದವರು ಕನ್ನಡ ಫಾಂಟ್ ಸೇರಿಸಿರದಿದ್ದರೆ ಗೂಗಲ್‌ನ ಸರ್ವರಿನಿಂದ ಇಳಿಸಿಕೊಳ್ಳುತ್ತವೆ. ಅದು ಬರುವವರೆಗೆ ತೆರೆಯ ಮೇಲೆ ಚೌಕಗಳು. ಬಂದ ಮೇಲೂ ಅದು ಚಿತ್ರ. ಬ್ರೌಸರಿನ ಹುಡುಕು ಗುಂಡಿಗೆ ಆ ಪದ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಬೇರೆಯೇ ಏರ್ಪಾಡು ಬೇಕು. 30 ವರ್ಷ ಕಷ್ಟಪಟ್ಟು ಕನ್ನಡವನ್ನು ಚಿತ್ರದಿಂದ ಪಠ್ಯವಾಗಿಸಿದವರಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆಯೆನಿಸಿದರೆ ತಪ್ಪಿಲ್ಲ.

ಎದುರು ದಿಕ್ಕಿನ ಪ್ರಯೋಗವೊಂದೂ ನಡೆದಿದೆ. 2023ರ ಹಾರ್ಫ್‌ಬಜ್ ಎಂಟನೇ ಆವೃತ್ತಿಯಲ್ಲಿ, ಫಾಂಟ್ ಕಡತವೇ ತನ್ನೊಳಗೆ ವೆಬ್‌ಅಸೆಂಬ್ಲಿ ಪ್ರೋಗ್ರಾಮ್ ಇಟ್ಟುಕೊಂಡು ಬರಲು ಅವಕಾಶ ಮಾಡಿಕೊಟ್ಟರು. ಅಕ್ಷರ ಹೇಗೆ ಕೂರಬೇಕೆಂಬ ನಿಯಮವನ್ನು ಹಾರ್ಫ್‌ಬಜ್ ಬರೆದವರಿಗೆ ಬಿಡದೆ, ಅಕ್ಷರ ಬಿಡಿಸಿದವರೇ ಬರೆದು ಕಳಿಸಬಹುದು. ಮಾರನೆಯ ವರ್ಷ ಒಬ್ಬರು ಇಡೀ ಭಾಷಾ ಮಾದರಿಯೊಂದನ್ನೇ ಫಾಂಟಿನೊಳಗೆ ತುರುಕಿ, ಅಕ್ಷರ ಒತ್ತುತ್ತ ಹೋದರೆ ಕಥೆ ಹೊರಬರುವಂತೆ ಮಾಡಿ ತೋರಿಸಿದರು. ಬ್ರೌಸರುಗಳು ಈ ಸೌಲಭ್ಯವನ್ನು ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ. ಯಾರದೋ ಫಾಂಟಿನೊಳಗಿನ ಪ್ರೋಗ್ರಾಮನ್ನು ಪ್ರತಿ ಪದಕ್ಕೂ ಓಡಿಸುವುದು ಸಣ್ಣ ಧೈರ್ಯದ ಮಾತಲ್ಲ.

ಅಲ್ಲಿಯವರೆಗೆ 'ರ‍್ಯಾಂಕ್' ಎಂದು ಬರೆಯುವವರು ರಕಾರ ಅರ್ಕಾವತ್ತಾಗಿ ಹಾರಿಹೋಗದಂತೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸುತ್ತಲೇ ಇರಬೇಕು. ಯೂನಿಕೋಡ್‌ನಲ್ಲಿ ಅದರ ಮನೆ ಸಂಖ್ಯೆ 8205. ಅದು ಅಕ್ಷರವಲ್ಲ, ಆಚೆ ತುದಿಯಲ್ಲಿರುವ ಯಂತ್ರಕ್ಕೆ ಕೊಟ್ಟ ಆದೇಶ.